ಎಣಿಸಿ ಕೇಳುವ ಕಿವಿಗಳು

ರಾಷ್ಟ್ರಗೀತೆಗೆಂದು ಇಡೀ ಮೈದಾನ ಎದ್ದು ನಿಂತಿತ್ತು. ಮೊದಲ ತೋಪು ಹಾರಿದಾಗ ನಮ್ಮ ಹಿಂದಿನ ಸಾಲಿನಲ್ಲಿ ಒಂದು ಮಗು ಬೆಚ್ಚಿ ಅತ್ತಿತು. ಎರಡನೆಯದಕ್ಕೆ ನನ್ನ ಪಕ್ಕದಲ್ಲಿ ನಿಂತಿದ್ದ ದೊಡ್ಡಮ್ಮನ ತುಟಿಗಳು ಅಲುಗತೊಡಗಿದವು. ರಾಷ್ಟ್ರಗೀತೆಗೆ ದನಿಗೂಡಿಸುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಅವರ ಬಲಗೈಯ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಅವರು ಎಣಿಸುತ್ತಿದ್ದರು. ಗೀತೆ ಮುಗಿದು ಎಲ್ಲರೂ ಕುಳಿತ ಮೇಲೆ ನನ್ನತ್ತ ಬಾಗಿ, ‘ಇಪ್ಪತ್ತೊಂದು. ಸರಿ ತಾನೆ?’ ಎಂದು ಕೇಳಿದರು. ಸರಿ ಎಂದೆ. ಲೆಕ್ಕ ತಪ್ಪಲಿಲ್ಲವೆಂಬ ಸಮಾಧಾನ ಅವರ ಮುಖದಲ್ಲಿ ಕಾಣಿಸಿತು. ಆ ಸಮಾಧಾನ ಉಳಿದದ್ದು ಕವಾಯತು ಮುಗಿಯುವವರೆಗೆ ಮಾತ್ರ.

ಅದು 2018ರ ಅಕ್ಟೋಬರ್ 19, ವಿಜಯದಶಮಿಯ ರಾತ್ರಿ. ಸ್ಥಳ, ಮೈಸೂರಿನ ಬನ್ನಿಮಂಟಪದ ಪಂಜಿನ ಕವಾಯತು ಮೈದಾನ. ದೊಡ್ಡಮ್ಮ ಆ ಊರಿಗೆ ಅತಿಥಿ. ಅತಿಥಿ ಎಂಬ ಮಾತನ್ನು ಇಲ್ಲಿ ಸ್ವಲ್ಪ ಸಂಕೋಚದಿಂದಲೇ ಬಳಸುತ್ತಿದ್ದೇನೆ. ಹಬ್ಬಕ್ಕೆಂದು ಬಂದವರು ಹಬ್ಬ ಮುಗಿದ ಮೇಲೆ ಮನೆಗೆ ಮರಳುತ್ತಾರೆ. ದೊಡ್ಡಮ್ಮನ ಮನೆ ಇದ್ದದ್ದು ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯ ಮಕ್ಕಂದೂರಿನ ಒಳಭಾಗದಲ್ಲಿ. ಎರಡು ತಿಂಗಳ ಹಿಂದೆ, ಸ್ವಾತಂತ್ರ್ಯ ದಿನದ ಆಸುಪಾಸಿನ ಮೂರು ನಾಲ್ಕು ದಿನಗಳಲ್ಲಿ, ಆ ಭಾಗದ ಬೆಟ್ಟಗಳು ಹೇಗೆ ಜಾರಿ ಹೋದವೆಂಬುದನ್ನು ಓದುಗರು ಆಗಿನ ಪತ್ರಿಕೆಗಳ ಮುಖಪುಟದಲ್ಲಿ ಕಂಡಿದ್ದಾರೆ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಇತ್ತ ಮದೆನಾಡು, ಜೋಡುಪಾಲ - ಅಲ್ಲಿಯವರೆಗೆ ಜಿಲ್ಲೆಯ ಹೊರಗೆ ಯಾರೂ ಕೇಳಿರದಿದ್ದ ಊರುಗಳ ಹೆಸರು ಒಂದೇ ವಾರದಲ್ಲಿ ರಾಜ್ಯಕ್ಕೆಲ್ಲ ಪರಿಚಿತವಾಯಿತು. ಅಂಥ ಪರಿಚಯ ಯಾವ ಊರಿಗೂ ಬೇಡ.

ದೊಡ್ಡಮ್ಮನ ಮನೆಯ ಗೋಡೆಗಳು ನಿಂತಿದ್ದವು; ಅಂಗಳ ಇರಲಿಲ್ಲ. ಕೆಳಗಿನ ಗದ್ದೆ ಕೆಂಪು ಮಣ್ಣಿನಡಿ ಸೇರಿತ್ತು. ಕೆಲವು ದಿನ ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದು, ಆಮೇಲೆ ಮೈಸೂರಿನಲ್ಲಿ ಕೆಲಸದಲ್ಲಿರುವ ಮಗನ ಎರಡು ಕೋಣೆಯ ಮನೆಗೆ ಬಂದರು. ಅಲ್ಲಿ ಅವರು ಮಾಡುತ್ತಿದ್ದುದು ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಲ್ಕನಿಯಲ್ಲಿ ಕುಳಿತು ಎದುರು ಮನೆಯ ನೀರಿನ ಟ್ಯಾಂಕನ್ನು ನೋಡುವುದೊಂದೇ. ದಸರಾಕ್ಕೆ ಕರೆದೊಯ್ಯೋಣ, ಮನಸ್ಸು ಹಗುರವಾದೀತು ಎಂಬ ಸಲಹೆ ನನ್ನದು. ಪಾಸು ಹೊಂದಿಸಿದ್ದೂ ನಾನೇ. ಹೀಗಾಗಿ ಅಂದು ಆದದ್ದರ ಹೊಣೆಯನ್ನು ಬೇರೆ ಯಾರ ಮೇಲೂ ಹೊರಿಸುವಂತಿಲ್ಲ.

ಮೈಸೂರು ದಸರಾವನ್ನು ನಾಡಹಬ್ಬ ಎನ್ನುತ್ತೇವೆ. ಆ ಮಾತು ಉತ್ಪ್ರೇಕ್ಷೆಯಲ್ಲ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಈ ಆಚರಣೆ ಅರಸೊತ್ತಿಗೆ ಹೋದ ಮೇಲೂ ಸರ್ಕಾರದ ಹಬ್ಬವಾಗಿ ಮುಂದುವರಿಯಿತು. ಅಂಬಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿ ಕುಳಿತಳು. ಮಧ್ಯಾಹ್ನ ಅರಮನೆಯಿಂದ ಹೊರಡುವ ಜಂಬೂಸವಾರಿ ಬನ್ನಿಮಂಟಪದಲ್ಲಿ ಕೊನೆಗೊಳ್ಳುತ್ತದೆ. ಹಿಂದೆ ಅರಸರು ಅಲ್ಲಿ ಬನ್ನಿಮರಕ್ಕೆ ಪೂಜೆ ಸಲ್ಲಿಸಿ, ಪಂಜಿನ ಬೆಳಕಿನಲ್ಲಿ ಸೈನ್ಯದ ಕವಾಯತು ನೋಡುತ್ತಿದ್ದರು. ಈಗ ಅದೇ ಮೈದಾನದಲ್ಲಿ ಪೊಲೀಸರ ಕವಾಯತು, ಅಶ್ವಾರೋಹಿಗಳ ಕಸರತ್ತು, ಮೋಟಾರ್ ಸೈಕಲ್ ಸಾಹಸ, ಲೇಸರ್ ಬೆಳಕಿನಾಟ, ಪಂಜು ಹಿಡಿದವರು ಕತ್ತಲಲ್ಲಿ ಸಾಲುಗಟ್ಟಿ ಬರೆಯುವ ಅಕ್ಷರಗಳು, ಕೊನೆಗೆ ಬಾಣಬಿರುಸು. ಜನ ಕಾಯುವುದು ಆ ಕೊನೆಗೇ.

ಹೊರಗಿನವರಿಗೆ ಈ ಹಬ್ಬ ಸುಲಭವಾಗಿ ಸಿಗುವುದಿಲ್ಲ. ಜಂಬೂಸವಾರಿಯ ದಾರಿಯಲ್ಲಿ ಬೆಳಗಿನಿಂದಲೇ ಮರ, ಕಟ್ಟಡ, ಕಾಂಪೌಂಡುಗಳ ಮೇಲೆ ಜನ. ಅರವತ್ತೆಂಟರ ದೊಡ್ಡಮ್ಮನನ್ನು ಅಲ್ಲಿಗೆ ಒಯ್ಯುವ ಧೈರ್ಯ ನಮಗಾಗಲಿಲ್ಲ. ಆನೆಗಳನ್ನು ಟೀವಿಯಲ್ಲೇ ನೋಡಿದೆವು. ಬನ್ನಿಮಂಟಪದ ಪ್ರವೇಶದ್ವಾರದಲ್ಲಿ ನೂಕುನುಗ್ಗಲು. ತಪಾಸಣೆಗೆ ನಿಂತಿದ್ದ ಮಹಿಳಾ ಪೊಲೀಸ್ ದೊಡ್ಡಮ್ಮನ ಕೈಚೀಲದಿಂದ ಕೊಡೆಯನ್ನು ತೆಗೆದು ಬದಿಗಿಟ್ಟರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆದರೂ ಕೊಡೆ ಇಲ್ಲದೆ ಹೊರಗೆ ಕಾಲಿಡುವುದು ಕೊಡಗಿನ ಹೆಂಗಸಿಗೆ, ಅದರಲ್ಲೂ ಆ ವರ್ಷದ ಮಳೆ ಕಂಡ ಹೆಂಗಸಿಗೆ, ಎಂಥ ಸಂಗತಿಯೆಂದು ಆ ಪೊಲೀಸರಿಗೆ ವಿವರಿಸುವುದು ಹೇಗೆ? ‘ವಾಪಸ್ ಕೊಡ್ತೀರಲ್ಲ ಮಗಳೇ?’ ಎಂದು ದೊಡ್ಡಮ್ಮ ಎರಡು ಸಲ ಕೇಳಿ ಒಳಗೆ ಬಂದರು.

ಈಗ ಎಣಿಕೆಯ ವಿಷಯಕ್ಕೆ ಬರುತ್ತೇನೆ. ತೋಪು ಹಾರಿದಾಗ ಆ ಮೈದಾನದಲ್ಲಿದ್ದ ಸಾವಿರಾರು ಜನರ ಪೈಕಿ ಎಷ್ಟು ಮಂದಿ ಎಣಿಸಿದರೋ ತಿಳಿಯದು. ಕೊಡಗಿನವರಾದ ನಾವಿಬ್ಬರು ಎಣಿಸಿದೆವು. ಅದು ಅಭ್ಯಾಸಬಲ. ನಮ್ಮಲ್ಲಿ ಆಕಾಶಕ್ಕೆ ಹಾರಿಸಿದ ಗುಂಡು ಬರೀ ಸದ್ದಲ್ಲ, ಸುದ್ದಿ. ಕೊಡವ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು; ಸಾವು ಸಂಭವಿಸಿದರೆ ಒಂದರ ಬೆನ್ನಿಗೆ ಇನ್ನೊಂದು, ಎರಡು. ಮನೆಗಳು ಒಂದಕ್ಕೊಂದು ಕೂಗಳತೆಯಲ್ಲಿಲ್ಲದ, ಒಂದೊಂದು ಮನೆಯೂ ತನ್ನ ತೋಟ ಗದ್ದೆಗಳ ನಡುವೆ ಒಂಟಿಯಾಗಿರುವ ಸೀಮೆಯಲ್ಲಿ ಟಪಾಲು, ಟೆಲಿಫೋನು ಬರುವ ಮೊದಲು ಬೇರೆ ದಾರಿ ಇರಲಿಲ್ಲ. ಅರೆಭಾಷೆಯ ನಮ್ಮ ಮನೆಗಳಿಗೂ, ಸುತ್ತಲಿನ ಉಳಿದವರಿಗೂ ಆ ಲೆಕ್ಕ ಗೊತ್ತು. ಒಂದು ಕೇಳಿದ ಕಿವಿ ತಾನಾಗಿ ಎರಡನೆಯದಕ್ಕೆ ಕಾಯುತ್ತದೆ. ಎರಡನೆಯದು ಬಾರದಿದ್ದರೆ ಮನಸ್ಸು ನಿರಾಳ. ಬಂದರೆ ಗಂಡಸರು ಕೈಲಿದ್ದ ಕೆಲಸ ಬಿಟ್ಟು ಅಂಗಿ ತೊಡುತ್ತಾರೆ. ಯಾವ ದಿಕ್ಕು, ಯಾವ ಮನೆ ಎಂದು ಲೆಕ್ಕ ಹಾಕುತ್ತ ದಾರಿ ಹಿಡಿಯುತ್ತಾರೆ.

ಸರ್ಕಾರಗಳೂ ಇದನ್ನು ಒಂದಲ್ಲ ಒಂದು ರೀತಿಯಲ್ಲಿ ಒಪ್ಪಿಕೊಂಡೇ ಬಂದಿವೆ. ದೇಶವಾಸಿಗಳ ಕೈಯಿಂದ ಆಯುಧ ಕಸಿದುಕೊಂಡ ಬ್ರಿಟಿಷರು 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯಲ್ಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಉಳಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಪ್ರಶ್ನಿಸಿ ಸಲ್ಲಿಸಿದ ಅರ್ಜಿಯನ್ನು ವಜಾ ಮಾಡಿ ರಾಜ್ಯ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಈ ಚರ್ಚೆಯಲ್ಲಿ ಪರ ವಿರೋಧ ಎರಡೂ ಕಡೆಯವರು ಕೋವಿಯನ್ನು ಶೌರ್ಯದ ಸಂಕೇತವೆಂದೇ ಮಾತನಾಡುತ್ತಾರೆ. ನನ್ನ ಮಟ್ಟಿಗೆ ನಮ್ಮ ಕೋವಿ ಹೆಚ್ಚು ಕಾಲ ಮಾಡಿದ ಕೆಲಸ ಅಂಚೆಯಣ್ಣನದು.

ಕೊಡಗಿನಲ್ಲಿ ಸಿಡಿಯುವ ಸದ್ದಿಗೆ ಇನ್ನೂ ಒಂದು ಅರ್ಥವಿದೆ. ಭತ್ತ ಹೊಡೆ ಒಡೆಯುವ ಹೊತ್ತಿಗೆ ರಾತ್ರಿ ದಡಬಡ ಪಟಾಕಿ ಕೇಳಿದರೆ ಗದ್ದೆಗೆ ಆನೆ ಇಳಿದಿದೆ ಎಂದು ತಿಳಿಯಬೇಕು. ದೀಪಾವಳಿಗೆ ಪಟಾಕಿ ಕೊಳ್ಳದ ಮನೆಯಲ್ಲೂ ಆನೆಗೆಂದು ಒಂದಷ್ಟು ಪಟಾಕಿ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇರುತ್ತದೆ. ಒಲೆಯ ಮೇಲೆ ಪಟಾಕಿ ಇಡುವುದು ಎಷ್ಟು ಸುರಕ್ಷಿತ ಎಂದು ಕೇಳಬೇಡಿ. ಮಳೆಗಾಲದಲ್ಲಿ ಅದೊಂದೇ ಒಣಗಿದ ಜಾಗ.

ಹೊರಗಿನವರು ಬಂದು ಈ ಲೆಕ್ಕವನ್ನು ಕಲಸಿದ ಪ್ರಸಂಗವೂ ಒಂದಿದೆ. ಕೆಲವು ವರ್ಷಗಳ ಹಿಂದೆ, ಹೊಸ ವರ್ಷದ ಹಿಂದಿನ ದಿನ, ನಮ್ಮ ಪಕ್ಕದ ತೋಟದ ಹೋಮ್‌ಸ್ಟೇಗೆ ನಗರದಿಂದ ಬಂದ ಹುಡುಗರು ಸಂಜೆ ಏಳರ ಸುಮಾರಿಗೆ ಎರಡು ಆಟಂ ಬಾಂಬ್ ಹಚ್ಚಿದರು. ಎರಡೇ ಎರಡು, ಒಂದರ ಬೆನ್ನಿಗೊಂದು. ಪ್ರಾಯಶಃ ಉಳಿದವನ್ನು ಮಧ್ಯರಾತ್ರಿಗೆಂದು ಎತ್ತಿಟ್ಟಿರಬೇಕು. ಅರ್ಧ ಗಂಟೆಯೊಳಗೆ ಆಚೆ ಮನೆಯ ಎಂಬತ್ತರ ಹಿರಿಯರೊಬ್ಬರು ಟಾರ್ಚು ಹಿಡಿದು, ಬಿಳಿ ಪಂಚೆಯುಟ್ಟು ಹೋಮ್‌ಸ್ಟೇಯ ಗೇಟಿನಲ್ಲಿ ನಿಂತಿದ್ದರು. ಯಾರು ಹೋದದ್ದು ಎಂದು ಕೇಳಲು ಬಂದಿದ್ದರು. ಹುಡುಗರಿಗೆ ಅರ್ಥವಾಗಲಿಲ್ಲ, ಅವರು ಹಿರಿಯರಿಗೆ ಕೇಕು ಕೊಟ್ಟು, ಹೊಸ ವರ್ಷದ ಶುಭಾಶಯ ಹೇಳಿ ಕಳಿಸಿದರು. ಮುದುಕರು ಈ ಕತೆಯನ್ನು ಮುಂದೆ ತಾವೇ ಹೇಳಿ ನಗುತ್ತಿದ್ದರು. ಆ ರಾತ್ರಿ ಮಾತ್ರ ಅವರಿಗೆ ನಿದ್ದೆ ಬರಲಿಲ್ಲವಂತೆ. ಸಾವು ಯಾರದೂ ಅಲ್ಲವೆಂದು ಗೊತ್ತಾದ ಮೇಲೂ, ಕೇಳಿದ ಎರಡು ಸದ್ದನ್ನು ಕಿವಿಯಿಂದ ಅಳಿಸಲು ಆಗಲಿಲ್ಲ ಎನ್ನುತ್ತಿದ್ದರು.

ಇಂಥ ಸೀಮೆಯಿಂದ ಬಂದವರಿಗೆ ಬನ್ನಿಮಂಟಪದ ತೋಪುಗಳು ಪರಕೀಯವೆನಿಸುವುದಿಲ್ಲ. ಅದಕ್ಕೂ ಒಂದು ಲೆಕ್ಕವಿದೆ. ಏಳು ಫಿರಂಗಿಗಳು, ಒಂದೊಂದಕ್ಕೂ ಮೂರು ಸರದಿ. ರಾಷ್ಟ್ರಗೀತೆಯ 52 ಸೆಕೆಂಡಿನೊಳಗೆ ಇಪ್ಪತ್ತೊಂದೂ ಮುಗಿಯಬೇಕು. ಹಳೆಯ ಕಾಲದ ಫಿರಂಗಿಗೆ ಮದ್ದು ತುಂಬಿ, ಜಡಿದು, ಕಿಡಿ ತಾಗಿಸುವ ಆ ಕೆಲಸಕ್ಕೆ ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು ವಾರಗಟ್ಟಲೆ ತಾಲೀಮು ಮಾಡುತ್ತಾರೆ. ಇಪ್ಪತ್ತೊಂದು ಎಂಬ ಸಂಖ್ಯೆಯೂ ಮೈಸೂರಿಗೆ ಹಳೆಯದು. ಬ್ರಿಟಿಷರು ದೇಶೀ ಸಂಸ್ಥಾನಗಳ ಹಿರಿಮೆಯನ್ನು ತೋಪುಗಳ ಲೆಕ್ಕದಲ್ಲೇ ಅಳೆದರು. 21 ತೋಪುಗಳ ಮರ್ಯಾದೆ ದೇಶದಲ್ಲೇ ಐದು ಸಂಸ್ಥಾನಗಳಿಗೆ ಮಾತ್ರ - ಹೈದರಾಬಾದ್, ಬರೋಡಾ, ಗ್ವಾಲಿಯರ್, ಕಾಶ್ಮೀರ ಮತ್ತು ಮೈಸೂರು. ನೆರೆಯ ಕೊಡಗಿಗೆ ಆ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. 1834ರಲ್ಲಿ ನಮ್ಮ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಕುಂಪಣಿ ಪದಚ್ಯುತಗೊಳಿಸಿತು. ಅರಸನೇ ಇಲ್ಲದ ನಾಡಿಗೆ ತೋಪಿನ ಮರ್ಯಾದೆ ಎಲ್ಲಿಂದ ಬರಬೇಕು? ಮನೆಮನೆಯ ಕೋವಿಗಳೇ ನಮ್ಮ ಮರ್ಯಾದೆ.

ತೋಪಿಗೆ ಕುಶಾಲತೋಪು ಎಂಬ ಚೆಂದದ ಹೆಸರು ಕೊಟ್ಟವರು ಯಾರೋ ಕಾಣೆ. ಮೈಸೂರಿನಿಂದ ಮಡಿಕೇರಿಗೆ ಬರುವ ದಾರಿಯಲ್ಲಿ ಕಾವೇರಿ ದಾಟಿದೊಡನೆ ಸಿಗುವ ಕುಶಾಲನಗರದ ಹೆಸರಿಗೂ ಇಂಥದ್ದೇ ಒಂದು ಕತೆ ಅಂಟಿಕೊಂಡಿದೆ. ಟಿಪ್ಪು ಹುಟ್ಟಿದ ಸುದ್ದಿ ತಲುಪಿದಾಗ ಹೈದರಾಲಿ ಅಲ್ಲಿ ಬೀಡುಬಿಟ್ಟಿದ್ದನಂತೆ, ಖುಷಿಯಿಂದ ಆ ಹೆಸರಿಟ್ಟನಂತೆ. ಟಿಪ್ಪು ಹುಟ್ಟಿದ ಕಾಲಕ್ಕೂ ಹೈದರ್ ಕೊಡಗಿನ ಕಡೆ ಬಂದ ಕಾಲಕ್ಕೂ ತಾಳೆಯಾಗುವುದಿಲ್ಲ ಎನ್ನುವುದು ಬೇರೆ ಮಾತು. ಮಗ ಹುಟ್ಟಿದ ಸುದ್ದಿಗೂ ಸದ್ದಿಗೂ ನಂಟು ಹಾಕಿದ ಆ ಕತೆ ಕೊಡಗಿನ ಗಡಿಯಲ್ಲೇ ಹುಟ್ಟಿದ್ದು ನನಗೆ ಆಶ್ಚರ್ಯವಲ್ಲ.

ತಾಲೀಮು ಪೊಲೀಸರಿಗೆ ಮಾತ್ರವಲ್ಲ, ಆನೆಗಳಿಗೂ ಉಂಟು. ದಸರಾಕ್ಕೆ ವಾರಗಳ ಮೊದಲೇ ಗಜಪಡೆಯನ್ನು ಸಾಲಾಗಿ ನಿಲ್ಲಿಸಿ ಎದುರಿನಲ್ಲಿ ಫಿರಂಗಿ ಹಾರಿಸುತ್ತಾರೆ. ಮೊದಲ ದಿನ ಹೊಸ ಆನೆಗಳು ಬೆದರಿ ಹಿಂದೆ ಸರಿಯುತ್ತವೆ; ಮಾವುತರು ಮೈತಟ್ಟಿ ಮಾತನಾಡಿಸುತ್ತಾರೆ; ಹಳೆಯ ಆನೆಗಳು ಕದಲದೆ ನಿಂತು ಧೈರ್ಯ ಹೇಳುತ್ತವೆ. ಎರಡು ಮೂರು ಸುತ್ತಿನ ತಾಲೀಮಿಗೆ ಎಲ್ಲವೂ ಒಗ್ಗುತ್ತವೆ. ಆ ವರ್ಷದ ಗಜಪಡೆಯಲ್ಲಿ ದುಬಾರೆ ಶಿಬಿರದ ವಿಕ್ರಮ, ಗೋಪಿ, ಕಾವೇರಿ ಇದ್ದರು, ಅಂದರೆ ನಮ್ಮೂರಿನವರೇ. 2020ರಿಂದ ಅಂಬಾರಿ ಹೊರುವ ಹೊಣೆ ಬಂದದ್ದೂ ಕೊಡಗಿನ ಮತ್ತಿಗೋಡು ಶಿಬಿರದ ಅಭಿಮನ್ಯುವಿಗೆ. ಪಟಾಕಿ ಸಿಡಿಸಿ ಗದ್ದೆಯಿಂದ ಅಟ್ಟುವ ಕಾಡಾನೆಗಳ ಬಳಗದವರೇ ಮೈಸೂರಿನಲ್ಲಿ ಫಿರಂಗಿಯ ಎದುರು ಕಿವಿ ಅಲ್ಲಾಡಿಸದೆ ನಿಲ್ಲುತ್ತಾರೆ. ಟೀವಿಯಲ್ಲಿ ಕಾವೇರಿಯನ್ನು ಕಂಡಾಗ ದೊಡ್ಡಮ್ಮ, ಎಷ್ಟೋ ದಿನಗಳ ಮೇಲೆ, ನಕ್ಕರು. ‘ನಮ್ಮವಳು’ ಎಂದರು.

ಹಬ್ಬದ ಬಾಣಬಿರುಸನ್ನು ಪರಸ್ಥಳದವನ ಕಣ್ಣಿನಿಂದ ನೋಡುವುದು ಈ ನಾಡಿನಲ್ಲಿ ಹೊಸತಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಇಬ್ಬರೂ ಮಹಾನವಮಿಯ ಬಾಣಬಿರುಸುಗಳನ್ನು ಬೆರಗಿನಿಂದ ದಾಖಲಿಸಿದ್ದಾರೆ. ಅವರು ಅರಸನ ಅತಿಥಿಗಳು. ಆ ವೈಭವ ಬಹುಮಟ್ಟಿಗೆ ಅಂಥವರು ಕಂಡು ದೂರದೇಶದಲ್ಲಿ ಹೇಳಲಿ ಎಂದೇ ಏರ್ಪಟ್ಟದ್ದು. ನಗರದ ಬಾಣಬಿರುಸಿನ ಸ್ವಭಾವವೇ ಅದು: ಅದಕ್ಕೆ ನೋಡುಗರು ಬೇಕು, ಯಾರಾದರೂ ಆದೀತು. ನಮ್ಮ ಹಳ್ಳಿಯ ಗುಂಡಿಗೆ ನೋಡುಗರು ಬೇಕಿಲ್ಲ. ಕೇಳಿಸಿಕೊಳ್ಳುವವರು ಬೇಕು, ಅದೂ ಹಾರಿಸಿದವರ ಮನೆತನ ಬಲ್ಲವರು.

ಕವಾಯತಿನ ಉದ್ದಕ್ಕೂ ದೊಡ್ಡಮ್ಮ ಗೆಲುವಾಗಿಯೇ ಇದ್ದರು. ಕುದುರೆಗಳನ್ನು ಮೆಚ್ಚಿದರು. ಬೈಕಿನ ಮೇಲೆ ಗೋಪುರ ಕಟ್ಟಿದ ಹುಡುಗರನ್ನು ಕಂಡು, ಇವರ ತಾಯಂದಿರಿಗೆ ಇದು ಗೊತ್ತಿದೆಯೇ ಎಂದು ವಿಚಾರಿಸಿದರು. ಪಕ್ಕದಲ್ಲಿದ್ದ ಮಂಡ್ಯದ ಕಡೆಯ ಹೆಂಗಸೊಬ್ಬರು ಕಡಲೆಕಾಯಿ ಕೊಟ್ಟರು. ಇವರು ತಮ್ಮ ಚೀಲದಿಂದ ಕಿತ್ತಳೆ ತೆಗೆದುಕೊಟ್ಟರು. ನೀವು ಯಾವ ಊರು ಎಂದು ಆಕೆ ಕೇಳಿದಾಗ ದೊಡ್ಡಮ್ಮ ‘ಇಲ್ಲೇ, ಮಗನ ಮನೆ’ ಎಂದಷ್ಟೇ ಹೇಳಿದರು. ಮಕ್ಕಂದೂರು ಎಂದಿದ್ದರೆ ಆಕೆ ಖಂಡಿತ ಗುರುತಿಸುತ್ತಿದ್ದರು. ಆ ಗುರುತು ದೊಡ್ಡಮ್ಮನಿಗೆ ಅಂದು ಬೇಡವಾಗಿತ್ತು.

ದೀಪಗಳು ಆರಿದವು. ಮೊದಲ ಬಾಣ ಮೇಲೇರಿ ಹಸಿರಾಗಿ ಅರಳಿತು. ಜನಸಮೂಹದಿಂದ ಒಂದು ‘ಆಹಾ’ ಹೊರಟಿತು. ದೊಡ್ಡಮ್ಮನದೂ ಅದರಲ್ಲಿ ಸೇರಿತ್ತು. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಹೆಬ್ಬೆರಳು ಗೆಣ್ಣಿನ ಮೇಲಿತ್ತು. ಒಂದು, ಎರಡು, ಮೂರು. ಹತ್ತರವರೆಗೆ ಬಂದಿರಬೇಕು. ಆಮೇಲೆ ನಾಲ್ಕು ಕಡೆಯಿಂದ ಒಟ್ಟಿಗೆ ಶುರುವಾಯಿತು. ಒಂದು ಸಿಡಿಯುವ ಮೊದಲೇ ಇನ್ನೊಂದು, ಅದರ ಮೇಲೆ ಹತ್ತು, ಸದ್ದು ಸದ್ದಿನೊಳಗೆ ಸೇರಿ, ಎಲ್ಲವೂ ಒಂದೇ ಅಖಂಡ ಗುಡುಗಾಗಿ, ಕುಳಿತಿದ್ದ ಹಲಗೆ ಅದುರತೊಡಗಿತು. ಹೆಬ್ಬೆರಳು ಎಲ್ಲೋ ನಡುವೆ ನಿಂತುಹೋಗಿತ್ತು. ಆ ಕೈ ನನ್ನ ಮುಂಗೈಯನ್ನು ಹಿಡಿಯಿತು. ಅರವತ್ತೆಂಟು ವರ್ಷ ಕತ್ತಿ ಹಿಡಿದು ತೋಟದ ಕಳೆ ಸವರಿದ ಕೈ, ಬಿಡಿಸಿಕೊಳ್ಳುವಂತಿರಲಿಲ್ಲ. ಅವರು ಆಕಾಶವನ್ನು ನೋಡುತ್ತಿರಲಿಲ್ಲ. ಕಾಲಡಿಯ ನೆಲವನ್ನು ನೋಡುತ್ತಿದ್ದರು.

ಎದ್ದು ಹೋಗೋಣವೇ ಎಂದು ಕಿವಿಯ ಹತ್ತಿರ ಕೂಗಿದೆ. ಕೇಳಿಸಲಿಲ್ಲ. ಹಿಂದೆ ಮುಂದೆ ಒತ್ತೊತ್ತಾಗಿ ಕುಳಿತ ಜನರ ನಡುವೆ ಎದ್ದು ಹೋಗುವ ದಾರಿಯೂ ಇರಲಿಲ್ಲ. ಮಂಡ್ಯದ ಆ ಹೆಂಗಸು ಒಮ್ಮೆ ಇವರತ್ತ ನೋಡಿದರು. ಏನು ಅರ್ಥವಾಯಿತೋ, ತಮ್ಮ ಸೆರಗಿನ ಅಂಚನ್ನು ದೊಡ್ಡಮ್ಮನ ಎರಡೂ ಕಿವಿಗೆ ಒತ್ತಿ ಹಿಡಿದು ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು. ಕೊನೆಯವರೆಗೂ ಹಾಗೆಯೇ ಕುಳಿತಿದ್ದರು. ಆ ವರ್ಷದ ಬಾಣಬಿರುಸಿನ ಅತಿ ಸುಂದರ ಭಾಗವನ್ನು ಆಕೆಯೂ ನೋಡಲಿಲ್ಲ.

ಹೊರಗೆ ಬಂದು, ಕೊಡೆ ಮರಳಿ ಪಡೆದು, ರಸ್ತೆಬದಿಯ ಕಟ್ಟೆಯೊಂದರ ಮೇಲೆ ಕುಳಿತ ಮೇಲೆ ದೊಡ್ಡಮ್ಮ ಆಗಸ್ಟಿನ ಆ ಬೆಳಗಿನ ಬಗ್ಗೆ ಮೊದಲ ಬಾರಿಗೆ ಮಾತನಾಡಿದರು. ಎರಡು ತಿಂಗಳಲ್ಲಿ ಮಗನಿಗೂ ಹೇಳಿರಲಿಲ್ಲ. ಮಳೆಯ ನಡುವೆ ಬೆಟ್ಟದ ಮೇಲಿನಿಂದ ಢಂ ಎಂದು ಒಂದು ಸದ್ದು ಬಂತಂತೆ. ಯಾರೋ ಕೋವಿ ಹಾರಿಸಿದರು ಎಂದುಕೊಂಡರಂತೆ. ಒಲೆಯ ಮುಂದೆ ಕುಳಿತಿದ್ದವರು ಅಭ್ಯಾಸದಂತೆ ಎರಡನೆಯದಕ್ಕೆ ಕಾದರು. ‘ಎರಡನೆಯದು ಬಂತು ಮಗಾ. ಆದರೆ ಅದು ನಿಲ್ಲಲೇ ಇಲ್ಲ’ ಎಂದರು.

ಇದನ್ನು ಬರೆಯುವಾಗ ಬಾಣಬಿರುಸನ್ನು ದೂರುವ ಆಸೆ ನನಗೆ ಆಗದಿರಲಿಲ್ಲ. ಕಾರಣಗಳಿಗೂ ಕೊರತೆಯಿಲ್ಲ. ಆ ವಿಜಯದಶಮಿಯ ನಾಲ್ಕೇ ದಿನಗಳ ನಂತರ, ಅಕ್ಟೋಬರ್ 23ರಂದು, ಸುಪ್ರೀಂ ಕೋರ್ಟ್ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಎರಡು ಗಂಟೆಯ ಮಿತಿ ಹಾಕಿತು. ಹೊಗೆ, ಸದ್ದು ಕಡಿಮೆಯಿರುವ ಹಸಿರು ಪಟಾಕಿಯ ಮಾತು ಆಗಿನಿಂದಲೇ ಚಾಲ್ತಿಗೆ ಬಂದದ್ದು. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಅಂದು ಬನ್ನಿಮಂಟಪದಲ್ಲಿ ನಮ್ಮ ಹಿಂದೆ ಕುಳಿತು ತೋಪಿಗೆ ಅತ್ತಿದ್ದ ಆ ಮಗು ಬಾಣಬಿರುಸಿಗೆ ಚಪ್ಪಾಳೆ ತಟ್ಟಿ ಕುಣಿದಿತ್ತು. ದೊಡ್ಡಮ್ಮನ ಕೈ ನನ್ನ ಮುಂಗೈಯನ್ನು ಹಿಡಿಯುವವರೆಗೆ ನಾನೂ ಬಾಯಿ ತೆರೆದೇ ನೋಡುತ್ತಿದ್ದೆ. ವರ್ಷವಿಡೀ ಲೆಕ್ಕ ಹಾಕಿ ಬದುಕುವ ಜನಕ್ಕೆ ಒಂದು ರಾತ್ರಿ ಲೆಕ್ಕ ತಪ್ಪಿಸುವ ಬೆಳಕು ಬೇಕು. ಸಮಸ್ಯೆಯಿದ್ದದ್ದು ಅವಳನ್ನು ಕರೆದೊಯ್ದ ನನ್ನ ತಿಳಿವಳಿಕೆಯಲ್ಲಿ. ಸದ್ದಿನಿಂದ ಮನೆ ಕಳೆದುಕೊಂಡವರನ್ನು ಸದ್ದಿನ ಹಬ್ಬಕ್ಕೆ ಕರೆದೊಯ್ದಿದ್ದೆ.

2024ರಿಂದ ಬನ್ನಿಮಂಟಪದ ಆಕಾಶದಲ್ಲಿ ದಸರಾ ರಾತ್ರಿಗಳಂದು ಡ್ರೋನ್‌ಗಳೂ ಹಾರುತ್ತಿವೆ. ನೂರಾರು ಪುಟ್ಟ ದೀಪಗಳು ಸಿಡಿಯದೆ, ಮೌನವಾಗಿ ಮೇಲೇರಿ ಚಿತ್ರ ಬರೆದು ಅಳಿಸಿ ಇನ್ನೊಂದು ಬರೆಯುತ್ತವೆ. ಅದರ ವಿಡಿಯೊವನ್ನು ಮೊಬೈಲಿನಲ್ಲಿ ತೋರಿಸಿದಾಗ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಚೆಂದವಿದೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ಸದ್ದೇ ಇಲ್ಲದಿದ್ದರೆ ಮಲಗಿದವರಿಗೆ ಹಬ್ಬ ಎಂದು ಗೊತ್ತಾಗುವುದು ಹೇಗೆ?’ ಎಂದೂ ಕೇಳಿದರು. ನಾನು ಉತ್ತರ ಹೇಳಲಿಲ್ಲ.

ಅದಿರಲಿ. ಆ ರಾತ್ರಿ ಮೈಸೂರಿನಿಂದ ನೇರ ಮಡಿಕೇರಿಗೆ ಬರುವ ಯೋಜನೆ ನನ್ನದಾಗಿತ್ತು. ಹಗಲು ಮೈಸೂರು, ಇರುಳು ಮಡಿಕೇರಿ - ದಸರಾ ನೋಡುವ ಕ್ರಮವೇ ಅದು. ಬನ್ನಿಮಂಟಪದಲ್ಲಿ ದೀಪ ಆರುವ ಹೊತ್ತಿಗೆ, 120 ಕಿಲೋಮೀಟರ್ ಆಚೆ, ಪೇಟೆ ಶ್ರೀರಾಮಮಂದಿರ, ದೇಚೂರು ಶ್ರೀರಾಮಮಂದಿರ, ಕೋಟೆ ಮಾರಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ ಮೊದಲಾದ ಹತ್ತು ದೇವಸ್ಥಾನಗಳ ಮಂಟಪಗಳು ಒಂದೊಂದಾಗಿ ಬೀದಿಗಿಳಿಯುತ್ತವೆ. ರಾಕ್ಷಸರ ಸಂಹಾರ ಬೆಳಗಿನ ಜಾವದವರೆಗೆ ನಡೆಯುತ್ತದೆ. ಹಿಂದೆಂದೋ ಅರಸರ ಕಾಲದಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಂದು ಜನ ಸಾಯತೊಡಗಿದಾಗ ನಾಲ್ಕು ಮಾರಿಯಮ್ಮನವರ ಕರಗ ಹೊರಡಿಸಿದ್ದೇ ಈ ಹಬ್ಬದ ಮೂಲವೆಂದು ಹೇಳುತ್ತಾರೆ. ಆಪತ್ತಿನಲ್ಲಿ ಹುಟ್ಟಿದ ಹಬ್ಬ. ಆ ವರ್ಷದ ಆಪತ್ತಿನಲ್ಲಿ ಅದು ಸರಳವಾಗಿರಲಿ ಎಂಬ ಮಾತು ಜಿಲ್ಲೆಯಲ್ಲಿ ಬಲವಾಗಿಯೇ ಕೇಳಿಬಂದಿತ್ತು. ನಾವು ಹೋಗಲಿಲ್ಲ. ದೊಡ್ಡಮ್ಮನನ್ನು ಮನೆಗೆ ಬಿಟ್ಟು, ಅವರಿಗೆ ನಿದ್ದೆ ಬರುವವರೆಗೆ ಆ ಬಾಲ್ಕನಿಯಲ್ಲಿ ಕುಳಿತಿದ್ದೆವು.

ನವೆಂಬರ್ ಕೊನೆಯ ಭಾಗದಲ್ಲಿ ಹುತ್ತರಿ ಬಂತು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನೆರೆ ಕಟ್ಟುವ, ಕದಿರು ತೆಗೆಯುವ ಮುಹೂರ್ತ ನಿಗದಿಯಾದ ಸುದ್ದಿ ಪತ್ರಿಕೆಯಲ್ಲಿ ಓದಿದ ದಿನವೇ ದೊಡ್ಡಮ್ಮ ಊರಿಗೆ ಹೋಗಬೇಕೆಂದು ಹಟ ಹಿಡಿದರು. ಕದಿರು ತೆಗೆಯಲು ಗದ್ದೆ ಎಲ್ಲಿದೆ ಎಂದು ಮಗ ಕೇಳಿದ. ‘ಊರೆಲ್ಲ ಜಾರಿ ಹೋಗಿಲ್ಲವಲ್ಲ’ ಎಂದರು. ನಾನೇ ಕರೆದುಕೊಂಡು ಹೋದೆ.

ಕೆಳಗಿನ ಬದಿಯಲ್ಲಿ ಚಿಕ್ಕಪ್ಪನ ಗದ್ದೆಯ ಒಂದು ಮೂಲೆ ಉಳಿದಿತ್ತು, ಹೆಚ್ಚೆಂದರೆ ಹತ್ತು ಸೆಂಟು. ತಿಂಗಳ ಬೆಳಕಿನಲ್ಲಿ ಅದರಾಚೆಗೆ ಬೆಟ್ಟದ ಮೈಯ ಗಾಯ ಉದ್ದಕ್ಕೂ ಕಾಣುತ್ತಿತ್ತು. ಊರಿನಲ್ಲಿ ಉಳಿದಿದ್ದ ಹದಿನೈದು ಇಪ್ಪತ್ತು ಜನ, ಪರಿಹಾರ ಕೇಂದ್ರದಿಂದ ಬಂದವರು ಕೆಲವರು, ದೀಪ ಹಿಡಿದು ಏರಿಯ ಮೇಲೆ ನಿಂತೆವು. ಮುಹೂರ್ತಕ್ಕೆ ಸರಿಯಾಗಿ ಕತ್ತಿ ತಾಗಿತು. ‘ಪೊಲಿ ಪೊಲಿ ದೇವಾ’ ಎಂದು ಕೂಗಿದೆವು; ಕೂಗು ತೆಳುವಾಗಿತ್ತು. ಚಿಕ್ಕಪ್ಪ ಕೋವಿಯನ್ನು ಆಕಾಶಕ್ಕೆತ್ತಿ ಒಂದು ಗುಂಡು ಹಾರಿಸಿದರು. ನಾನು ದೊಡ್ಡಮ್ಮನ ಕಡೆ ನೋಡಿದೆ. ಅವರು ಬೆಚ್ಚಲಿಲ್ಲ.

ಹುತ್ತರಿಯ ಗುಂಡಿಗೆ ಉತ್ತರ ಬರಬೇಕು. ಎಲ್ಲ ಮನೆಯವರೂ ಒಂದೇ ಮುಹೂರ್ತಕ್ಕೆ ಕದಿರು ತೆಗೆಯುವುದರಿಂದ ಒಂದು ಗದ್ದೆಯ ಗುಂಡಿನ ಬೆನ್ನಿಗೆ ಎದುರು ಬೆಟ್ಟದ, ಆಚೆ ಬದಿಯ, ಹೊಳೆಯ ಕೆಳಗಿನ ಗದ್ದೆಗಳ ಗುಂಡು ಕೇಳುತ್ತದೆ. ನಮ್ಮ ದೊಡ್ಡಮ್ಮನ ಅಂಗಳದಲ್ಲಿ ನಿಂತರೆ ಹನ್ನೊಂದು ಕೇಳಬೇಕು. ಯಾವುದು ಯಾರ ಮನೆಯದೆಂದು ಅವರು ಕಣ್ಣುಮುಚ್ಚಿ ಹೇಳಬಲ್ಲರು. ಆ ರಾತ್ರಿ ಹೆಬ್ಬೆರಳು ಗೆಣ್ಣಿನ ಮೇಲೆ ಹೊರಟಿತು. ಎಡಗಡೆಯಿಂದ ಒಂದು. ಹೊಳೆಯಾಚೆಯಿಂದ ಎರಡು, ಬೇರೆ ಬೇರೆ. ಬಹಳ ತಡವಾಗಿ, ಮೇಲಿನಿಂದ ಇನ್ನೊಂದು. ಹೆಬ್ಬೆರಳು ನಾಲ್ಕನೆಯ ಗೆಣ್ಣಿನ ಮೇಲೆ ನಿಂತಿತು. ಎಲ್ಲರೂ ಮಾತಿಲ್ಲದೆ ಕಾದೆವು.

ಕದಿರು ಹೊತ್ತು ಹೊರಡುವ ಹೊತ್ತಿಗೆ ದೂರದಲ್ಲೆಲ್ಲೋ ಮತ್ತೊಂದು ಕೇಳಿಸಿತು. ಅದು ನಮ್ಮ ಕಡೆಯದಲ್ಲ, ಆಚೆ ಗ್ರಾಮದ್ದು ಎಂದರು ಚಿಕ್ಕಪ್ಪ. ‘ಗೊತ್ತು’ ಎಂದ ದೊಡ್ಡಮ್ಮ ಅದನ್ನೂ ಎಣಿಸಿಕೊಂಡರು.